ಲಾಭದ ಸುತ್ತು

ನರಗುಂದ
ತಾ. ೧೮ ನವೆಂಬರ್ ೧೯೫೪

ನಮ್ಮ ಮನೆಯವರಿಗೆ ನಿಮ್ಮ ದೇವವ್ವ ಮಾಡುವ ನಮಸ್ಕಾರಗಳು.

ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಪತ್ರ ಬಂತೆಂದ ಕೂಡಲೇ ಇವಳು ಮೆತ್ತಗಾದಳು ಎಂದು ನೀವು ಹಿಗ್ಗಬಾರದು. ಗಂಡನ ಹೆಸರು ಬರೆಯಲು ಕೈ ಬಾರದೆ ಲಕೋಟೆಯ ಮೇಲಿನ ವಿಳಾಸವನ್ನು ಅಪ್ಪನಿಂದ ಬರೆಸಿದ್ದೇನೆ. ಗಜೇಂದ್ರಗಡಕ್ಕೆ ತಿರುಗಿ ಬರಬೇಕೋ, ತವರಲ್ಲೇ ಉಳಿಯಬೇಕೋ, ಒಂದೂ ತಿಳಿಯದಾಗಿದೆ.

ನಿಮ್ಮ ರೇಡಿಯೋದ ಮೇಲೆ ನನಗೆಂದೂ ಹೊಟ್ಟೆಕಿಚ್ಚು ಇರಲಿಲ್ಲ. ಯುದ್ಧದಲ್ಲಿ ಸಂದೇಶ ಕಳಿಸುವ ಕೆಲಸ ಕಲಿತು ಬಂದ ಮನುಷ್ಯ, ಸರಕಾರದ ಲೈಸೆನ್ಸ್ ತೆಗೆಸಿ, ಮಗ್ಗದ ಪಕ್ಕದಲ್ಲೇ ಕುಳಿತು ಕೊಲಂಬೋದ ಗೆಳೆಯನ ಜೊತೆ ಮಾತಾಡುತ್ತಾನೆಂದರೆ ಓಣಿಯಲ್ಲಿ ಮೊದಲು ಬೀಗಿದವಳು ನಾನೇ. ನಿಮ್ಮ ದನಿ ಅಲ್ಲಿಗೆ ಸಣ್ಣಗೆ ಮುಟ್ಟುತ್ತದೆಂದು ಮುಂಬಯಿಯ ಗುಜರಿಯಿಂದ ಜಂಗು ತಿಂದ ಮಿಲಿಟರಿ ಪೆಟ್ಟಿಗೆ ತಂದಿರಿ. ತಿಕ್ಕಿದಿರಿ, ನಕಾಶೆ ಬರೆದಿರಿ, ದನಿಗೆ ಬಲ ಕೊಡುವ ದೊಡ್ಡ ವಾಲ್ವು ಕೂಡಿಸಿದಿರಿ. ಅದಕ್ಕೆ ತಾಮ್ರದ ತಂತಿಯ ಸುರುಳಿ ಬೇಕಾದಾಗ ನನ್ನನ್ನೇ ಕರೆದಿರಿ. ‘ಕಂಡಿಕಿಗೆ ನೂಲು ಸುತ್ತೋ ಕೈ ನಿಂದು. ಇಪ್ಪತ್ತ ಸುತ್ತು ಬಿಗಿ ಹಿಡದ ಸುತ್ತಿಕೊಡು, ಒಂದು ಹೆಚ್ಚಾದ್ರೂ ಶ್ರುತಿ ತಪ್ಪಿ ವಾಲ್ವು ಸುಡತೈತಿ’ ಎಂದಿರಿ. ಎಷ್ಟು ಸಂತೋಷದಿಂದ ಸುತ್ತಿಕೊಟ್ಟೆ ನಿಮಗೆ ಗೊತ್ತಿಲ್ಲ.

ಆಮೇಲೆ ಗುಂಡಿ ಎಷ್ಟು ತಿರುವಿದರೂ ಶ್ರುತಿ ಕೂಡಲಿಲ್ಲ. ವಾಲ್ವಿನೊಳಗಿನ ತಗಡು ಕೆಂಡದ ಹಾಗೆ ಕೆಂಪಾಗಿ ಸತ್ತೇ ಹೋಯಿತು. ನೀವು ಬೆಸುಗೆ ಬಿಚ್ಚಿ ಹೊಸದಾಗಿ ಹಾಕಿದಿರಿ, ಗದುಗಿಗೆ ಹೋಗಿ ಬ್ಯಾಟರಿ ಚಾರ್ಜ್ ಮಾಡಿಸಿ ತಂದಿರಿ. ಸುರುಳಿಯೊಂದನ್ನು ಮಾತ್ರ ಅನುಮಾನಿಸಲಿಲ್ಲ. ಒಬ್ಬರು ಸುತ್ತಿದ್ದನ್ನು ಇನ್ನೊಬ್ಬರು ಎಣಿಸಿದರೆ ಸುತ್ತಿದ ಕೈಗೆ ಅವಮಾನ, ನಮ್ಮ ನೇಕಾರರ ಮನೆಯ ಈ ಮರ್ಯಾದೆ ನಿಮಗೂ ಗೊತ್ತು. ಉಳಿದಿದ್ದ ಇನ್ನೊಂದು ವಾಲ್ವೂ ಸುಟ್ಟ ದಿನ ಆ ಮರ್ಯಾದೆಯನ್ನೂ ಮರೆತಿರಿ. ‘ನೇಕಾರರ ಮಗಳಾಗಿ ಇಪ್ಪತ್ತು ಎಣಸಾಕ ಬರಂಗಿಲ್ಲೇನ? ತಾ ಇಲ್ಲೆ, ನಾನ ಎಣಸ್ತೀನಿ’ ಎಂದು ಅತ್ತೆಯವರ ಎದುರಿಗೇ ಅಂದಿರಿ. ಪೆಟ್ಟಿಗೆಯಿಂದ ಬಿಚ್ಚಿಟ್ಟಿದ್ದ ಸುರುಳಿಯನ್ನು ನಿಮ್ಮ ಕೈಗೆ ಕೊಡದೆ ಸೀರೆಗಂಟಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಇಪ್ಪತ್ತೇ ಸುತ್ತಿದ್ದೇನೆಂದು ಆಣೆ ಇಡಲೂ ತಯಾರಿದ್ದೆ.

ನಿನ್ನೆ ಅವ್ವ ಪಕ್ಕದ ಮನೆಯ ಚಮನಬಿಗೆ ಜೋಳ ಅಳೆದು ಕೊಡುತ್ತಿದ್ದಳು. ಚಮನಬಿ ನಿಮ್ಮೂರಿನಿಂದ ಇಲ್ಲಿಗೆ ಲಗ್ನವಾಗಿ ಬಂದವಳು. ಅವ್ವ ಮೊದಲ ಸೇರಿಗೆ ‘ಲಾಭ’ ಎಂದಳು, ಮುಂದಿನದಕ್ಕೆ ‘ಒಂದು’ ಎಂದಳು. ಚಮನಬಿ ಚೀಲದ ಬಾಯಿ ಮುಚ್ಚಿ ಹಿಡಿದಳು. ‘ತಡೀರಿ ಮಾನವ್ವಾರ, ಲಾಭ ಅಂದ್ರನ ಒಂದಲ್ಲೇನ್ರಿ? ನಮ್ಮ ತವರಾಗ ಅದರ ಮುಂದ ಎರಡು ಅಂತಾರ. ಒಂದು ಸೇರು ಹೆಚ್ಚಿಗಿ ಬರತೈತ್ರಿ’ ಎಂದಳು. ಅವ್ವ ನಕ್ಕುಬಿಟ್ಟಳು. ‘ಲಾಭ ದೇವರದವ್ವ, ಅದನ್ನ ಯಾರರ ಲೆಕ್ಕಕ್ಕ ಹಿಡೀತಾರೇನ?’

ನನಗೆ ಸುರುಳಿ ನೆನಪಾಯಿತು. ಒಳಗೆ ಹೋಗಿ ಗಂಟು ಬಿಚ್ಚಿ ಸುರುಳಿ ಎಣಿಸಿದೆ. ಇಪ್ಪತ್ತೊಂದು! ಮೊದಲ ಸುತ್ತಿಗೆ ಮನಸ್ಸಿನಲ್ಲೇ ಲಾಭ ಎಂದು, ಆಮೇಲೆ ಒಂದರಿಂದ ಶುರು ಮಾಡಿದ್ದೆ. ಹುಟ್ಟಿದಾಗಿನಿಂದ ಕೇಳಿದ ಎಣಿಕೆ ಅದು.

ಈಗ ನೀವೇ ಹೇಳಿ, ತಪ್ಪಿದವಳು ನಾನೋ, ನಮ್ಮವ್ವನೋ? ಒಂದು ಸುತ್ತು ಬಿಚ್ಚಿಬಿಡೋಣವೆಂದು ತಂತಿಯ ತುದಿ ಹಿಡಿಯುತ್ತೇನೆ, ದೇವರ ಪಾಲನ್ನು ಹೇಗೆ ಬಿಚ್ಚಲಿ ಎಂದು ಬಿಡುತ್ತೇನೆ. ಸುಟ್ಟ ವಾಲ್ವು ನೆನೆದರೆ ಅಳು ಬರುತ್ತದೆ, ಅತ್ತೆಯವರ ಎದುರು ನೀವಾಡಿದ ಮಾತು ನೆನೆದರೆ ಸಿಟ್ಟು ಬರುತ್ತದೆ. ನಿಮ್ಮನ್ನು ನೋಡಬೇಕೆನಿಸುತ್ತದೆ. ಹಾಗೆ ಅನಿಸಿದ್ದಕ್ಕೂ ಸಿಟ್ಟು ಬರುತ್ತದೆ.

ಸುರುಳಿಯನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಬೇಕಿದ್ದರೆ ಬಂದು ಒಯ್ಯಿರಿ. ಅದರ ಜೊತೆ ನಾನು ಬರುತ್ತೇನೋ ಇಲ್ಲವೋ, ನಿಮ್ಮ ಮುಖ ನೋಡಿ ಹೇಳುತ್ತೇನೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿರಿ.

ಇಂತಿ ನಿಮ್ಮ,
ಎಣಿಕೆ ಬಾರದ
ದೇವವ್ವ

ತಾ.ಕ.: ಇದನ್ನು ಬರೆಯಬಾರದೆಂದೇ ಇದ್ದೆ. ಇಲ್ಲಿಗೆ ಬಂದಾಗಿನಿಂದ ಬೆಳಗ್ಗೆ ಎದ್ದರೆ ವಾಕರಿಕೆ. ಅವ್ವ ಸೂಲಗಿತ್ತಿ ಮರಿಯವ್ವನನ್ನು ಕರೆಸಿದಳು, ಆಕೆ ನನ್ನ ನಾಡಿ ಹಿಡಿದು ನಕ್ಕಳು. ನನ್ನ ಲೆಕ್ಕದಲ್ಲಿ ನಾವಿಬ್ಬರೇ ಇದ್ದೆವು. ಇದಕ್ಕೆ ಲಾಭ ಎನ್ನಬೇಕೋ ಒಂದು ಎನ್ನಬೇಕೋ, ನಿಮ್ಮ ಮನೆಯ ಎಣಿಕೆ ಏನೆಂದು ಲಗೂನೆ ಬಂದು ಹೇಳಿರಿ.