ಚಪ್ಪಲಿ ಹುಡುಕಿದ ಅಕ್ಕ

ಭೀಮನಬೀಡು
೧೪-೯-೧೯೯೯

ನನ್ನ ಗೆಳತಿ, ಮಹಾರಾಣಿ ಫರ್ಹೀನಳಿಗೆ,

ಚೆನ್ನಾಗಿದ್ದೀಯಾ ಅಂತ ಕೇಳಲ್ಲ ಕಣೇ. ಚೆನ್ನಾಗೇ ಇದ್ದೀಯ ಅಂತ ನಿನ್ನ ಕಾಗದವೇ ಹೇಳ್ತಿದೆ. ಕಂಡಕ್ಟರ್ ರಾಜಣ್ಣ ತಂದುಕೊಟ್ಟ ಕವರು ಬಿಚ್ಚಿದರೆ, ಇಂಟರ್ನೆಟ್ಟಿನಿಂದ ತೆಗೆಸಿದ ಇಂಗ್ಲಿಷ್ ಗ್ರಾಮರ್ ಪಾಠ, ಸಿನಿಮಾ ವಿಮರ್ಶೆ ಬರೆಯೋದು ಹೇಗೆ ಅನ್ನೋ ಹಾಳೆಗಳು, ಅದರ ಮೇಲೆ ನಿಮ್ಮ ಕಾಲೇಜಿನಲ್ಲಿ ಮೊದಲ ಬಹುಮಾನ ಬಂದ ನಿನ್ನ ವಿಮರ್ಶೆ. ಹೊಟ್ಟೆ ಉರೀತು. ಸುಳ್ಳು ಯಾಕೆ ಹೇಳಲಿ?

ನಿನಗೇನಮ್ಮ! ಗುಂಡ್ಲುಪೇಟೆ ಬಿಟ್ಟು ಚಾಮರಾಜನಗರಕ್ಕೆ ಹೋದದ್ದೇ ತಡ, ನಿಮ್ಮಣ್ಣ ಜಾಕಿರ್ ಎಸ್‌ಟಿಡಿ ಬೂತಿನಲ್ಲೇ ಕಂಪ್ಯೂಟರ್ ತಂದಿಟ್ಟಿದ್ದಾರೆ. ಪಕ್ಕದಲ್ಲಿ ಆ ಹೊಸ ಗೆಳತಿ ಭವ್ಯ ಬೇರೆ. ಇಬ್ಬರೂ ಒಂದೇ ಸ್ಟೂಲಿನ ಮೇಲೆ ಕೂತು, ಪುಟ ಬರೋವರೆಗೂ ಕಡಲೆಕಾಯಿ ತಿಂತಾ ಕಾಯ್ತೀರಂತೆ. ತಿನ್ನಿ, ತಿನ್ನಿ. ಇಲ್ಲಿ ನಮಗೆ ಗ್ರಾಮರ್ ಅಂದರೆ ಗಂಗಾಧರಸ್ವಾಮಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದು, ನಾವು ಬರಕೊಳ್ಳೋ ಮೊದಲೇ ಒರೆಸಿಬಿಡೋದು.

ಬಹುಮಾನ ತಗೊಂಡು ಇಂಟರ್ನೆಟ್ಟಿಗೆ ಥ್ಯಾಂಕ್ಸ್ ಹೇಳಿದೆ, ಭವ್ಯಳಿಗೂ ಹೇಳಿದೆ ಅಂತ ಬರೆದಿದ್ದೀಯ. ನನ್ನ ಹೆಸರು ಎಲ್ಲಿ ಹೋಯ್ತು ಕಣಮ್ಮಿ? ನಿಮ್ಮ ಮನೇಲಿ ಟಾಕೀಸಿನ ಹೊಸ್ತಿಲು ತುಳಿಯೋಕೆ ಬಿಡಲ್ಲ. ಗುಂಡ್ಲುಪೇಟೆಯಲ್ಲಿ ಪಿಯುಸಿ ಓದುವಾಗ ನಾನು ಮ್ಯಾಟಿನಿ ನೋಡಿ ಬಂದು, ಮಾರನೇ ದಿನ ಕಾಲೇಜಿನ ಹುಣಸೆಮರದ ಕೆಳಗೆ ಹಾಡು, ಫೈಟು, ಅಳು ಸಮೇತ ನಿನಗೆ ಹೇಳ್ತಿದ್ದೆ. ನೀನು ವಿಮರ್ಶೆ ಬರೆದಿರೋ ಆ ಅಕ್ಕತಂಗಿ ಸಿನಿಮಾ ಕೂಡ ನೀನು ಕೇಳಿದ್ದು ನನ್ನ ಬಾಯಿಂದಲೇ.

ಕೊನೆಯ ದೃಶ್ಯವನ್ನ ಒಂದು ಪುಟ ಹೊಗಳಿದ್ದೀಯ. ತಂಗಿಯ ಮದುವೆ ಚಪ್ಪರದಿಂದ ಅಕ್ಕ ಎದ್ದು ಬಂದು, ರಾಶಿಯೊಳಗೆ ತನ್ನ ಹಳೇ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ನಡೆದುಹೋಗ್ತಾಳಲ್ಲ, ಅದನ್ನ. ಅದೊಂದಕ್ಕೇ ನಿರ್ದೇಶಕನಿಗೆ ಕೈ ಮುಗಿಯಬೇಕು ಅಂದಿದ್ದೀಯ. ತೀರ್ಪುಗಾರರೂ ಅದನ್ನೇ ಮೆಚ್ಚಿಕೊಂಡರಂತೆ. ಶುಕ್ರವಾರ ಆ ವಿಮರ್ಶೆ ಮೈಸೂರಿನ ಸ್ಪರ್ಧೆಗೆ ಹೋಗುತ್ತಂತೆ. ಅಲ್ಲಿ ಮೊದಲು ಸಿನಿಮಾ ತೋರಿಸಿ, ಆಮೇಲೆ ಎಲ್ಲರ ಮುಂದೆ ನಿನ್ನ ಕೈಲಿ ಓದಿಸ್ತಾರಂತೆ. ಓದು ತಾಯಿ. ಒಂದಕ್ಷರ ತಿದ್ದಬೇಡ. ನನಗೇನು?

ಅವ್ವ ನಿನ್ನನ್ನ ಕೇಳ್ತು. ಆ ಮಗಾ ಗೆದ್ರೆ ನೀನ್ಯಾಕಮ್ಮಿ ಮೋರೆ ಊದಿಸ್ಕೊಂಡು ಕೂತಿದ್ದೀಯ ಅಂತ ನನ್ನನ್ನೇ ಬೈತು.

ಹೊಟ್ಟೆಕಿಚ್ಚಿನಲ್ಲೂ ನಿನ್ನವಳೇ,
ಭಾನು

ತಾ.ಕ.: ಅಂಟಿಸಿದ ಕವರು ಮತ್ತೆ ಬಿಚ್ಚಿದೆ. ನಮ್ಮೂರಿನ ಸಂಜೆ ಬಸ್ಸು ತಪ್ಪಿದರೆ ಅಪ್ಪ ಬೆನ್ನು ಮುರೀತಿತ್ತು, ನಿನಗೆ ಗೊತ್ತು. ಮ್ಯಾಟಿನಿ ಬಿಡೋ ಮೊದಲೇ ಎದ್ದು ಓಡ್ತಿದ್ದೆ. ಒಂದು ಸಿನಿಮಾದ ಕೊನೆಯನ್ನೂ ನಾನು ನೋಡಿಲ್ಲ ಕಣೇ. ನಿನಗೆ ಹೇಳಿದ್ದೆಲ್ಲ ಬಸ್ಸಿನ ಕಿಟಕಿ ಪಕ್ಕ ಕೂತು ನಾನೇ ಕಟ್ಟಿದ್ದು. ನಿನ್ನೆ ಟಾಕೀಸಿನ ಗೇಟಿನಲ್ಲಿ ನಿಲ್ಲೋ ಶಿವಣ್ಣನ್ನ ಕೇಳಿದೆ. ಆ ಅಕ್ಕ ಆಸ್ಪತ್ರೇಲಿ ಸಾಯ್ತಾಳಂತೆ, ತಂಗಿ ಎದೆ ಬಡ್ಕೊಂಡು ಅಳ್ತಾಳಂತೆ, ಅಷ್ಟೇ. ಮೈಸೂರಿಗೆ ಹೋಗೋ ಮೊದಲು ತಿದ್ದಿಕೊ. ಬಹುಮಾನ ಹೋದರೂ ನಿನ್ನ ಮಾನ ಉಳಿಯಲಿ. ಆ ಚಪ್ಪಲಿ ಮಾತ್ರ ನನ್ನದು, ರಾಜಣ್ಣನ ಕೈಲಿ ವಾಪಸ್ ಕಳಿಸು.