ಒಂಬತ್ತನೇ ಪೋರ್ಟಬಲ್ ಕೋಣೆಯ ಚಳಿಗಾಲದ ಬಿಡಾರ

ಶಾಲಾ ಕಟ್ಟಡಗಳ ಮೇಲ್ವಿಚಾರಣಾಧಿಕಾರಿಗಳೇ,

ನಮ್ಮ ಕ್ರಾನ್‌ಬರ್ನ್ ಶಾಲೆಯ ಅಂಗಳಕ್ಕೆ ಲಾರಿಯಲ್ಲಿ ತಂದಿಟ್ಟ ಒಂಬತ್ತನೇ ಪೋರ್ಟಬಲ್ ಕೋಣೆಯಲ್ಲಿ ಹೀಟರ್ ಕೆಟ್ಟು ಇಂದಿಗೆ ಮೂವತ್ತೇಳು ದಿನ, ಶಾಲೆ ನಡೆದ ದಿನ ಮಾತ್ರ ಎಣಿಸಿದ್ದೇನೆ. ಇಂಗ್ಲಿಷಿನಲ್ಲಿ ಎರಡು ಸಲ ಬರೆದೆ, ತಮಗೆ ಅರ್ಥವಾಗಲಿಲ್ಲ. ಈಗ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅದಕ್ಕಿಂತ ಕಡಿಮೆ ಅರ್ಥವಾಗುವ ಭಯವಂತೂ ಇಲ್ಲ.

ಆ ಕೋಣೆಯ ಇಪ್ಪತ್ತಮೂರು ಮಕ್ಕಳಲ್ಲಿ ಒಬ್ಬಳು ನನ್ನ ಮಗಳು ಮಹತಿ. ಉಬ್ಬಸದವಳು, ಈ ಟರ್ಮಿನಲ್ಲಿ ಒಂಬತ್ತು ದಿನ ಶಾಲೆಗೆ ಹೋಗಲಾಗಿಲ್ಲ. ಅಲ್ಲಿ ಕೋಟು ಬಿಚ್ಚದೆ, ಕೈಗವಸಿನಲ್ಲಿ ಪೆನ್ಸಿಲ್ ಹಿಡಿದು ಅವರು ಮಾಡುತ್ತಿರುವ ಪ್ರಾಜೆಕ್ಟು ಯಾವುದು ಗೊತ್ತೇ? ಹದಿನೆಂಟನೇ ಶತಮಾನದ ಸೈನ್ಯಗಳು ಚಳಿಗಾಲ ಕಳೆದದ್ದು ಹೇಗೆ!

ಮಗಳಿಂದ ನಾನೂ ಕಲಿತೆ. ಹಿಮ ಬೀಳುವ ಮುಂಚೆ ಯುದ್ಧಕ್ಕೆ ರಜೆ. ಮರ ಕಡಿದು ದಿಮ್ಮಿಯ ಗುಡಿಸಲು, ಸಂದಿಗೆ ಮಣ್ಣು, ಹನ್ನೆರಡು ಜನಕ್ಕೊಂದು ಒಲೆ. ಮಲಗಲು ಹುಲ್ಲು, ಉರಿಸಲು ಅಳತೆಯ ಸೌದೆ, ತಿನ್ನಲು ತೂಕದ ರೊಟ್ಟಿ. ಊರೊಳಗೆ ಬಿಡಾರ ಹಾಕಿದರೆ ಮನೆಯವರೇ ಹಾಸಿಗೆ, ಬೆಂಕಿ, ಮೇಣದಬತ್ತಿ ಕೊಡಬೇಕು. ಗುಂಡಿಗಿಂತ ರೋಗಕ್ಕೆ ಸತ್ತವರೇ ಹೆಚ್ಚಂತೆ. ಉಗ್ರಾಣದವರ ಸೋಮಾರಿತನಕ್ಕೆ ಎಷ್ಟು ಜನ ಹೋದರೋ, ಅದನ್ನು ಯಾರು ಬರೆದಿಟ್ಟಾರು?

“ಡ್ಯಾಡ್, ದೇ ಹ್ಯಾಡ್ ಅ ಚಿಮ್ನಿ!” ಎಂದಳು ಮಹತಿ.

“ನಿಮಗೆ ಕಾರ್ಪೆಟ್ ಇದೆಯಲ್ಲೇ.”

“ಒದ್ದೆ ಕಾರ್ಪೆಟ್ಟು,” ಎಂದಳು ನನ್ನ ಹೆಂಡತಿ ಗಿರಿಜಾ. “ನೀವು ಪತ್ರ ಬರೀತಾ ಇರಿ, ಅವಳು ಉಬ್ಬಸದ ಪಂಪ್ ಎಳೀತಾ ಇರಲಿ.”

ಇಲ್ಲಿ ಕರ್ಟನ್ ಅಂಗಡಿ ಇಡುವ ಮುಂಚೆ ನಾನು ಮೈಸೂರಿನ ತಾಲ್ಲೂಕು ಕಚೇರಿ ಮುಂದೆ ಕೂತು ಅರ್ಜಿ ಬರೆದು ಬದುಕಿದವನು. ಲಗತ್ತಿಲ್ಲದ ಅರ್ಜಿ, ಉಪ್ಪಿಲ್ಲದ ಸಾರು. ಹಾಗಾಗಿ ಎರಡನೇ ಪತ್ರಕ್ಕೆ ಡಾಕ್ಟರ ಚೀಟಿ ಲಗತ್ತಿಸಿದೆ, ಥರ್ಮಾಮೀಟರಿನ ಪಟ್ಟಿ ಲಗತ್ತಿಸಿದೆ (ಬೆಳಿಗ್ಗೆ ಒಂಬತ್ತಕ್ಕೆ ಏಳು ಡಿಗ್ರಿ), ಭಾರ ಸಾಲದೆಂದು ಮಹತಿಯ ಪ್ರಾಜೆಕ್ಟಿನ ಒಂದು ಹಾಳೆಯನ್ನೂ ಸೇರಿಸಿದೆ. ಅದರಲ್ಲಿ ಅವಳು ಆ ಕಾಲದ ಸೈನಿಕನಂತೆ ಉಗ್ರಾಣದ ಅಧಿಕಾರಿಗೆ ಬರೆದಿದ್ದಳು: ಹುಲ್ಲು, ಸೌದೆ, ಇಪ್ಪತ್ತಮೂರು ಕಂಬಳಿ ಕಳಿಸಿ.

ತಮ್ಮ ಉತ್ತರ ಬಂತು. ತರಗತಿಯಲ್ಲಿ ಹುಲ್ಲು ಇಡುವುದು ಬೆಂಕಿ ನಿಯಮಕ್ಕೆ ವಿರುದ್ಧವಂತೆ. ಸೌದೆ ಒದಗಿಸಲು ಅವಕಾಶವಿಲ್ಲವಂತೆ. ಕಂಬಳಿಗೆ ಬೇರೆ ಇಲಾಖೆಯಂತೆ. ಹೀಟರ್ ಬಗ್ಗೆ ಒಂದಕ್ಷರವಿಲ್ಲ! ಇನ್ನೂರು ವರ್ಷ ತಡವಾದರೂ ಒಂದು ಸೈನ್ಯದ ಅರ್ಜಿ ವಿಲೇವಾರಿಯಾಯಿತಲ್ಲ, ಅಭಿನಂದನೆಗಳು.

ಆ ಉತ್ತರ ಹಿಡಿದು ತಮ್ಮ ಕಚೇರಿಗೇ ಬಂದೆ. ಎಂಥ ಬೆಚ್ಚಗಿನ ಜಾಗ! ಗುಮಾಸ್ತರು ಅಂಗಿಯ ತೋಳು ಮಡಿಚಿ ಕೂತಿದ್ದರು. ಸೆಕೆಯೆಂದು ಒಬ್ಬರು ಕಿಟಕಿ ತೆರೆದಿದ್ದರು.

ಆದ್ದರಿಂದ, ಸೋಮವಾರದೊಳಗೆ ಹೀಟರ್ ಉರಿಯಬೇಕು. ಉರಿಯದಿದ್ದರೆ ಹಳೆಯ ಪದ್ಧತಿಯಂತೆ ಊರೊಳಗಿನ ಬಿಡಾರ: ಮಂಗಳವಾರ ಒಂಬತ್ತು ಗಂಟೆಗೆ ಇಪ್ಪತ್ತಮೂರು ಮಂದಿಯೂ ಅಪ್ಪ ಅಮ್ಮಂದಿರ ಸಮೇತ ತಮ್ಮ ಕಚೇರಿಯಲ್ಲಿ. ಪೆನ್ಸಿಲ್ ಅವರೇ ತರುತ್ತಾರೆ. ಹುಲ್ಲು ಬೇಡ, ಆ ಕಿಟಕಿ ಮುಚ್ಚಿಸಿ.

ಇಂತಿ,
ಲಗತ್ತಿಗೆ ಮಾತ್ರ ಉತ್ತರ ಪಡೆದ
ಪುಟ್ಟಸ್ವಾಮಿ
ಕ್ರಾನ್‌ಬರ್ನ್, ಆಗಸ್ಟ್ ೧೯೯೪ (ಈ ದೇಶದಲ್ಲಿ ಇದೇ ಚಳಿಗಾಲ)

ಲಗತ್ತು: ಏನೂ ಇಲ್ಲ. ಈ ಸಲ ಪತ್ರವನ್ನೇ ಓದಬೇಕಾಗುತ್ತದೆ.