ಚುಕ್ಕೆಗಳ ಚೌಕ

ಬೇಲೂರು
೨೨ ನವೆಂಬರ್ ೨೦೦೪, ಸೋಮವಾರ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ಈ ದಿನ ಬೆಳಿಗ್ಗೆ ಆಫೀಸಿನಲ್ಲಿ ದೇವೇಂದ್ರ ಅವರು ಎಲ್ಲ ಕಂಪ್ಯೂಟರುಗಳ ಮೌಸ್‌ ಬೋರಲು ಹಾಕಿ, ಒಳಗಿನ ಗುಂಡು ತೆಗೆದು ಒರೆಸುತ್ತಿದ್ದರು. ಉಳಿದವುಗಳಲ್ಲಿ ಕೊಳೆ ಕರ್ರಗೆ ಮೆತ್ತಿಕೊಂಡಿತ್ತು. ನನ್ನದರಲ್ಲಿ ಏನೂ ಇರಲಿಲ್ಲ. "ನಿಮ್ಮದು ಈಗ ಅಂಗಡಿಯಿಂದ ತಂದಂಗೈತಲ್ರೀ" ಎಂದರು. ನಾನು ನಕ್ಕು ಕೆಲಸಕ್ಕೆ ತಿರುಗಿದೆ.

ಆಫೀಸಿನಲ್ಲಿ ಕೈ ವಿಷಯ ಯಾರಿಗೂ ಗೊತ್ತಾಗಿಲ್ಲ ತಾನೆ ಎಂದು ನೀನು ಪ್ರತಿ ಸಲವೂ ಕೇಳುತ್ತೀಯ. ಗೊತ್ತಾಗಿರಲಿಲ್ಲ. ಹುಟ್ಟಿನಿಂದ ಮಡಚಿಕೊಂಡ ಬಲಗೈ ಬೆರಳುಗಳನ್ನು ಮೌಸಿನ ಮೇಲೆ ಇಟ್ಟು, ಅದರ ಮೇಲೆ ವೇಲ್ ಇಳಿಬಿಟ್ಟು ಕೂರುತ್ತೇನೆ. ಕೆಲಸವೆಲ್ಲ ಎಡಗೈಯದು. ಟ್ಯಾಬ್ ಎಂಬ ಕೀ ಒತ್ತಿದರೆ ವೆಬ್‌ಸೈಟಿನ ಪುಟದಲ್ಲಿ ಒಂದೊಂದೇ ಲಿಂಕಿಗೆ ಹೋಗಬಹುದು. ಈಗ ಯಾವ ಲಿಂಕಿನಲ್ಲಿದ್ದೇವೆ ಎಂಬುದನ್ನು ಅದರ ಸುತ್ತ ಮೂಡುವ ಚುಕ್ಕೆಗಳ ಸಣ್ಣ ಚೌಕ ತೋರಿಸುತ್ತದೆ. ಎಂಟರ್ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಮೌಸಿನ ಅಗತ್ಯವೇ ಇಲ್ಲ.

ಕಳೆದ ವಾರ ಹಳೇಬೀಡಿನ ಲಾಡ್ಜಿನ ತಮ್ಮಯ್ಯನವರು ತಮ್ಮ ವೆಬ್‌ಸೈಟ್ ನೋಡಲು ಬಂದಿದ್ದರು. ಅದಕ್ಕೆ ಬೇಕಾದ ಬರಹವೆಲ್ಲ ನನ್ನದು, ವಿನ್ಯಾಸ ದೇವೇಂದ್ರ ಅವರದು. ಸ್ವಲ್ಪ ಹೊತ್ತು ನೋಡಿ, "ಏನ್ಲಾ ದೇವೇಂದ್ರ, ರೂಮಿನ ಫೋಟೋ ಸುತ್ತ ಇದೇನು ಇರುವೆ ಸಾಲು? ಗಿರಾಕಿ ನೋಡಿದ್ರೆ ರೂಮಲ್ಲೂ ಇರುವೆ ಅವೆ ಅನ್ಕತಾನೆ, ತೆಗ್ದಾಕು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಬಸ್ಸು ಹತ್ತುವ ಮೊದಲೇ ಚೌಕ ಹೋಗಿತ್ತು.

ಈ ದಿನ ಆ ಪುಟಗಳನ್ನು ಪರೀಕ್ಷಿಸುವ ಸರದಿ ನನ್ನದಾಗಿತ್ತು. ಟ್ಯಾಬ್ ಒತ್ತಿದೆ, ಮತ್ತೆ ಒತ್ತಿದೆ. ಪುಟ ಚೆನ್ನಾಗಿಯೇ ಕಾಣುತ್ತಿತ್ತು, ನಾನು ಎಲ್ಲಿದ್ದೇನೆಂಬುದು ಮಾತ್ರ ತಿಳಿಯುತ್ತಿರಲಿಲ್ಲ. ರೂಮು ಕಾಯ್ದಿರಿಸಲು ಹೋದವಳು ಬಸ್ಸಿನ ವೇಳಾಪಟ್ಟಿ ತೆರೆದೆ.

ಚೌಕ ಮತ್ತೆ ಹಾಕಿ ಎಂದು ದೇವೇಂದ್ರ ಅವರನ್ನು ಕೇಳಿದೆ. ಯಾರಿಗೆ ಬೇಕು ಎಂದರು. ಮೌಸ್ ಹಿಡಿಯಲಾಗದವರಿಗೆ ಎಂದೆ. "ಅಂಥೋರು ಲಾಡ್ಜ್ ಹುಡುಕ್ಕೊಂಡು ಬತ್ತಾರೇನ್ರೀ? ಒಬ್ಬರ ಹೆಸರು ಹೇಳಿ, ಈಗಲೇ ಹಾಕ್ತೀನಿ."

ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನಾನು ಎಂದಿನಂತೆ ಎದ್ದು ಹೋಗುತ್ತಿದ್ದೆ. ನನ್ನ ಹೆಸರು ಹೇಳಿದೆ. ವೇಲ್ ಸರಿಸಿ ಕೈಯನ್ನು ಮೇಜಿನ ಮೇಲಿಟ್ಟೆ.

ಅವರು ಒಂದು ಸಲ ನೋಡಿ, ಪರದೆಯ ಕಡೆ ತಿರುಗಿದರು. "ಮೊದ್ಲೇ ಹೇಳಬಾರ್ದಾ? ಆ ಮೌಸ್ ತೊಳೆಯೋ ಕೆಲಸನಾದ್ರೂ ತಪ್ಪೋದು" ಎಂದರು. ಮಧ್ಯಾಹ್ನದ ಹೊತ್ತಿಗೆ ಚೌಕ ಬಂದಿತ್ತು. ತಮ್ಮಯ್ಯನವರಿಗೂ ಫೋನಿನಲ್ಲಿ ಹೇಳಿದರು. ಅವರು ಸ್ವಲ್ಪ ಗೊಣಗಿ, "ಇರ್ಲಿ ಬಿಡು, ನಮ್ಮವ್ವನಿಗೂ ಕೈ ನಡುಗ್ತದೆ" ಎಂದರಂತೆ. ನಾನು ಭಯಪಟ್ಟಿದ್ದು ಯಾವುದಕ್ಕೆ ಎಂದು ಸಂಜೆಯವರೆಗೂ ಯೋಚಿಸಿದೆ. ಸಿಗಲಿಲ್ಲ.

ಭಾನುವಾರ ಗಂಡಿನ ಕಡೆಯವರು ಬರುವ ವಿಷಯಕ್ಕೆ ಬರುತ್ತೇನೆ. ಚಿಕ್ಕಪ್ಪನ ಮಗಳು ಲಾವಣ್ಯ ಕಾಫಿ ತಟ್ಟೆ ಹಿಡಿಯಲಿ, ನೀನು ಸೆರಗು ಹೊದ್ದು ಕೂತಿರು, ನಿಶ್ಚಿತಾರ್ಥ ಆದಮೇಲೆ ಹೇಳಿದರಾಯಿತು ಎಂದು ಬರೆದಿದ್ದೀಯ. ನಿನ್ನ ಹೆದರಿಕೆ ನನಗೆ ಗೊತ್ತು. ಹಿಂದಿನ ಎರಡು ಸಂಬಂಧಗಳು ಕೈ ನೋಡಿದ ಮೇಲೆಯೇ ತಪ್ಪಿದವು. ಇದೂ ತಪ್ಪಬಹುದು. ಆದರೆ ಆಮೇಲೆ ಹೇಳಿದರೆ, ಆ ಮನೆಯಲ್ಲಿ ನಾನು ಎಲ್ಲಿ ನಿಂತಿದ್ದೇನೆಂಬುದು ನನಗೇ ತಿಳಿಯುವುದಿಲ್ಲ.

ಪಕ್ಕದ ಮನೆಯ ಫೋನಿನಲ್ಲಿ ಇದನ್ನು ಹೇಳಲಾಗದು. ನೀನು ಮಾತಾಡುವಾಗ ಆ ಮನೆಯ ಕೆಂಚಮ್ಮನವರು ಬಾಗಿಲಲ್ಲೇ ನಿಂತಿರುತ್ತಾರೆ. ಶನಿವಾರ ಸಂಜೆಯ ಬಸ್ಸಿಗೆ ಅರಸೀಕೆರೆಗೆ ಬರುತ್ತೇನೆ.

ನಿನ್ನ ಮಗಳು,
ಶ್ಯಾಮಲಾ

ವಿ.ಸೂ.: ಲಾವಣ್ಯಳಿಗೆ ಬರುವುದು ಬೇಡ ಎಂದು ಆಗಲೇ ಫೋನ್ ಮಾಡಿದ್ದೇನೆ, ಅವಳ ಮೇಲೆ ಸಿಟ್ಟಾಗಬೇಡ. ಎಡಗೈಯಲ್ಲಿ ಕೊಟ್ಟಿದ್ದನ್ನು ಯಾರು ತಗೋತಾರೆ ಎಂದು ನೀನು ಕೇಳುವುದು ಗೊತ್ತು. ಲೋಟಗಳನ್ನು ಒಂದೊಂದಾಗಿ ನಾನೇ ಕೊಡುತ್ತೇನೆ. ತಗೊಳ್ಳುವವರು ತಗೊಳ್ಳಲಿ.